ಬಾವಿಯ ನೀರು ನುಡಿಯುವ ಸಾಕ್ಷಿ



ಊರಿನ ಬಾವಿಯ ನೀರು ಕೆಟ್ಟಿತೆಂದು ಸುದ್ದಿಯಾದರೆ ಮೊದಲು ಏಳುವ ಮಾತು ಯಾವುದು? "ಯಾರು ಕೆಡಿಸಿದರು?" ಎಂಬುದೇ. ಮೇಲಿನ ಹೊಲದವನು ಮೂಟೆಗಟ್ಟಲೆ ಯೂರಿಯಾ ಸುರಿದ ಎಂದು ಒಬ್ಬರು ಅನ್ನುತ್ತಾರೆ. ಅಲ್ಲ, ಬಾವಿಯ ಮಗ್ಗುಲಲ್ಲಿರುವ ತಿಪ್ಪೆಯಿಂದ ಬಂತು ಎಂದು ಇನ್ನೊಬ್ಬರು. ಅದೂ ಅಲ್ಲ, ಹೊಸದಾಗಿ ತೋಡಿದ ಪಾಯಿಖಾನೆ ಗುಂಡಿಯೇ ಕಾರಣ ಎಂದು ಮತ್ತೊಬ್ಬರು. ಮಾತಿಗೆ ಮಾತು ಬೆಳೆದು ನೆರೆಹೊರೆಯವರು ಮುಖ ತಿರುಗಿಸುತ್ತಾರೆ. ನೀರು ಮಾತ್ರ ಹಾಗೆಯೇ ಉಳಿಯುತ್ತದೆ.

ಇಂತಹ ವ್ಯಾಜ್ಯದಲ್ಲಿ ಸಾಕ್ಷಿ ಹೇಳಬಲ್ಲವರು ಯಾರಾದರೂ ಉಂಟೆ? ಉಂಟು. ಆ ನೀರೇ ಸಾಕ್ಷಿ. ತಾನು ಯಾವ ಮಳೆಯಿಂದ ಬಂದೆ, ಕೆರೆಯಲ್ಲಿ ನಿಂತು ಬಂದೆನೋ ನೇರವಾಗಿ ನೆಲಕ್ಕೆ ಇಂಗಿ ಬಂದೆನೋ, ತನ್ನಲ್ಲಿ ಕರಗಿರುವ ಸಾರಜನಕ ಗೊಬ್ಬರದ ಮೂಟೆಯದೋ ಕೊಟ್ಟಿಗೆಯದೋ ಎಂಬುದನ್ನೆಲ್ಲ ಅದು ತನ್ನೊಳಗೇ ಗುರುತು ಮಾಡಿಟ್ಟುಕೊಂಡಿರುತ್ತದೆ. ಆ ಗುರುತನ್ನು ಓದುವ ವಿದ್ಯೆಯನ್ನು ವಿಜ್ಞಾನಿಗಳು ಕಳೆದ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಕಲಿತಿದ್ದಾರೆ. ಇತ್ತೀಚೆಗೆ ಅದಕ್ಕೆ ಹೊಸ ಉಪಾಯಗಳೂ ಸೇರಿವೆ. ಆ ವಿದ್ಯೆ ಏನು, ಅದರಿಂದ ನಮ್ಮ ಮನೆ ಹೊಲಗಳಿಗೆ ಏನು ಪ್ರಯೋಜನ ಎಂಬುದನ್ನು ಈಗ ನೋಡೋಣ.

ಕಣ್ಣಿಗೆ ಕಾಣದ ಕೇಡು

ಮೊದಲು ಕೇಡಿನ ವಿಷಯ. ಸಾರಜನಕವಿಲ್ಲದೆ ಪೈರಿಲ್ಲ, ಇದು ನಿಮಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಯೂರಿಯಾ ಹಾಕಿದರೂ, ಕೊಟ್ಟಿಗೆ ಗೊಬ್ಬರ ಹಾಕಿದರೂ, ಹಸಿರೆಲೆ ಗೊಬ್ಬರ ತುಳಿಸಿದರೂ ಅದರ ಸಾರಜನಕ ಮಣ್ಣಿನ ಸೂಕ್ಷ್ಮಜೀವಿಗಳ ಕೈಸೇರಿ, ಕೊನೆಗೆ ನೈಟ್ರೇಟ್ ಎಂಬ ಲವಣವಾಗುತ್ತದೆ. ಬೇರು ಹೀರಿಕೊಂಡರೆ ಅದು ಪೈರಿನ ಊಟ. ಬೇರಿಗೆ ಸಿಕ್ಕದೆ ಉಳಿದದ್ದು ಮಳೆನೀರಿನಲ್ಲಿ ಕರಗಿ ಕೆಳಕ್ಕೆ ಇಳಿಯುತ್ತದೆ. ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಇಳಿದು ಇಳಿದು ಬಾವಿಯ ಸೆಲೆ ಸೇರುತ್ತದೆ.

ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರು ತಿಳಿಯಾಗಿ ಕನ್ನಡಿಯಂತೆ ಇರಬಹುದು, ಕುಡಿಯಲು ಸಿಹಿಯಾಗಿಯೂ ಇರಬಹುದು. ದೊಡ್ಡವರಿಗೆ ಅದು ಕೂಡಲೆ ತೊಂದರೆ ಕೊಡದಿರಬಹುದು. ಆದರೆ ಆರು ತಿಂಗಳೊಳಗಿನ ಕೂಸಿನ ಗತಿ ಬೇರೆ. ಆ ಎಳೆಯ ಹೊಟ್ಟೆಯಲ್ಲಿ ನೈಟ್ರೇಟು ನೈಟ್ರೈಟಾಗಿ ಮಾರ್ಪಟ್ಟು ರಕ್ತ ಸೇರುತ್ತದೆ. ಆಗ ರಕ್ತ ಆಮ್ಲಜನಕವನ್ನು ಹೊರಲಾರದೆ ಹೋಗುತ್ತದೆ. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಕೂಡಲೆ ವೈದ್ಯರ ಬಳಿಗೆ ಒಯ್ಯದಿದ್ದರೆ ಜೀವಕ್ಕೇ ಅಪಾಯ. 1945ರಲ್ಲಿ ಅಮೆರಿಕದ ಅಯೋವಾ ಸೀಮೆಯಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು, ಹೊಲಮನೆಗಳ ಬಾವಿಯ ನೀರು ಬೆರೆಸಿ ಹಾಲು ಕುಡಿಸಿದ ಕೂಸುಗಳಲ್ಲಿ ಈ ಕಾಯಿಲೆಯನ್ನು ಕಂಡು, ಕಾರಣ ನೀರಿನ ನೈಟ್ರೇಟು ಎಂದು ಮೊದಲು ಬರೆದರು.

ಕುಡಿಯುವ ನೀರಿನ ಒಂದು ಲೀಟರಿನಲ್ಲಿ 45 ಮಿಲಿಗ್ರಾಮಿಗಿಂತ ಹೆಚ್ಚು ನೈಟ್ರೇಟ್ ಇರಕೂಡದೆಂದು ನಮ್ಮ ದೇಶದ ನಿಯಮ. ಕೇಂದ್ರ ಅಂತರ್ಜಲ ಮಂಡಳಿಯವರು 2024ರಲ್ಲಿ ಪ್ರಕಟಿಸಿದ ವರದಿಯಂತೆ, ದೇಶದಲ್ಲಿ ಪರೀಕ್ಷೆ ಮಾಡಿದ ಅಂತರ್ಜಲದ ಮಾದರಿಗಳಲ್ಲಿ ನೂರಕ್ಕೆ ಸುಮಾರು 20 ಈ ಮಿತಿಯನ್ನು ದಾಟಿದ್ದವು. ಹೆಚ್ಚಾಗಿ ದಾಟಿದ ರಾಜ್ಯಗಳ ಪೈಕಿ ನಮ್ಮ ಕರ್ನಾಟಕವೂ ಒಂದು. ಆದುದರಿಂದ ಇದು ದೂರದ ಸುದ್ದಿಯಲ್ಲ, ನಮ್ಮ ಹಿತ್ತಲಿನ ಸುದ್ದಿ.

ಒಂದೇ ಜಾತಿ, ತೂಕ ಬೇರೆ

ಈಗ ಆ ಗುರುತಿನ ವಿಷಯಕ್ಕೆ ಬರೋಣ. ಒಂದೇ ತಳಿಯ ರಾಗಿಯನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿ. ಬಣ್ಣ ಒಂದೇ, ರುಚಿ ಒಂದೇ, ಬಿತ್ತಿದರೆ ಬರುವ ಪೈರೂ ಒಂದೇ. ಆದರೆ ಒಂದು ಕಾಳು ಸ್ವಲ್ಪ ತೂಕ ಹೆಚ್ಚು, ಇನ್ನೊಂದು ಸ್ವಲ್ಪ ಕಡಿಮೆ. ಎಲ್ಲ ವಸ್ತುಗಳೂ ಪರಮಾಣುಗಳೆಂಬ ಅತಿ ಸಣ್ಣ ಕಾಳುಗಳಿಂದ ಆಗಿವೆಯಷ್ಟೆ? ಅಲ್ಲಿಯೂ ಹೀಗೆಯೇ. ಆಮ್ಲಜನಕದ ಪರಮಾಣುಗಳೆಲ್ಲ ಗುಣದಲ್ಲಿ ಒಂದೇ, ಆದರೆ ಸಾವಿರಕ್ಕೆ ಎರಡರಷ್ಟು ಪರಮಾಣುಗಳು ಉಳಿದವಕ್ಕಿಂತ ಭಾರ. ಸಾಮಾನ್ಯವಾದದ್ದರ ತೂಕ 16 ಆದರೆ ಭಾರವಾದದ್ದರ ತೂಕ 18. ಸಾರಜನಕದಲ್ಲಿ 14ರ ತೂಕದ್ದೇ ಬಹಳ. ಸಾವಿರಕ್ಕೆ ಮೂರು ನಾಲ್ಕು ಮಾತ್ರ 15ರ ತೂಕದವು. ಜಲಜನಕದಲ್ಲಿ ಭಾರವಾದದ್ದು ಇನ್ನೂ ಅಪರೂಪ, ಸಮುದ್ರದ ನೀರಿನಲ್ಲಿ ಹತ್ತು ಲಕ್ಷಕ್ಕೆ ಸುಮಾರು 156. ಈ ಭಾರದ ಜಲಜನಕವನ್ನು 1931ರಲ್ಲಿ ಕಂಡುಹಿಡಿದವರು ಅಮೆರಿಕದ ಹೆರಾಲ್ಡ್ ಯೂರೆ. ಅದಕ್ಕಾಗಿ ಅವರಿಗೆ 1934ರ ನೊಬೆಲ್ ಬಹುಮಾನ ಬಂತು.

ಹೀಗೆ ಜಾತಿ ಒಂದೇ ಆಗಿ ತೂಕ ಬೇರೆಯಾದ ಪರಮಾಣುಗಳಿಗೆ ಐಸೋಟೋಪುಗಳೆಂದು ಹೆಸರು. ಕೆಲವು ಐಸೋಟೋಪುಗಳು ತಾವಾಗಿ ಒಡೆದು ಕಿರಣ ಬಿಡುತ್ತವೆ. ನಾವು ಹೇಳುತ್ತಿರುವವು ಅಂಥವಲ್ಲ. ಇವು ಸ್ಥಿರವಾದವು, ಒಡೆಯುವುದಿಲ್ಲ, ಕಿರಣ ಬಿಡುವುದಿಲ್ಲ, ಯಾರಿಗೂ ಕೇಡು ಮಾಡುವುದಿಲ್ಲ. ನೀವು ಕುಡಿಯುವ ಪ್ರತಿ ಗುಟುಕಿನಲ್ಲಿಯೂ ಇವೆ. ಸೃಷ್ಟಿಯಲ್ಲಿಯೇ ಬೆರೆತು ಬಂದವು, ಯಾರೂ ಬೆರೆಸಿದ್ದಲ್ಲ.

ಕಣದಲ್ಲಿ ತೂರಿದ ಹಾಗೆ

"ಹಗುರ ಭಾರ ಇದ್ದರೆ ಇರಲಿ ಸ್ವಾಮಿ, ಅದರಿಂದ ಗುರುತು ಹೇಗೆ ಸಿಕ್ಕೀತು?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಸುಗ್ಗಿಯಲ್ಲಿ ಕಣದ ಮೇಲೆ ನಿಂತು ರಾಶಿ ತೂರುವುದಿಲ್ಲವೆ? ಮೊರದಿಂದ ಸುರಿದಾಗ ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ, ಜೊಳ್ಳು ಗಾಳಿ ಹಿಡಿದು ದೂರ ಹೋಗುತ್ತದೆ. ಎರಡು ರಾಶಿಯನ್ನೂ ತೂಗಿ ನೋಡಿದವನಿಗೆ ಇದು ತೂರಿದ ಕಾಳು, ಇದು ತೂರದ ಕಾಳು ಎಂದು ತಿಳಿದುಹೋಗುತ್ತದೆ. ಪ್ರಕೃತಿಯೂ ಹೀಗೆಯೇ ಸದಾ ತೂರುತ್ತಿರುತ್ತದೆ.

ಬಿಸಿಲಿಗೆ ಸಮುದ್ರದ ನೀರು ಆವಿಯಾಗುವಾಗ ಹಗುರವಾದ ನೀರು ಬೇಗ ಏಳುತ್ತದೆ, ಭಾರವಾದದ್ದು ಹಿಂದೆ ಉಳಿಯುತ್ತದೆ. ಆದುದರಿಂದ ಮೋಡದ ನೀರು ಸಮುದ್ರದ ನೀರಿಗಿಂತ ಹಗುರ. ಆ ಮೋಡ ಮಳೆಯಾಗುವಾಗ ಇದಕ್ಕೆ ತಿರುಗುಮುರುಗು: ಭಾರವಾದ ನೀರು ಮೊದಲು ಬೀಳುತ್ತದೆ. ಕರಾವಳಿಯಲ್ಲಿ ಸುರಿದು, ಘಟ್ಟ ಹತ್ತಿ ಸುರಿದು, ಬಯಲುಸೀಮೆಗೆ ಬರುವ ಹೊತ್ತಿಗೆ ಮೋಡದಲ್ಲಿ ಉಳಿದ ನೀರು ಇನ್ನಷ್ಟು ಹಗುರವಾಗಿರುತ್ತದೆ. ಎತ್ತರ ಹೆಚ್ಚಿದಂತೆಯೂ ಮಳೆ ಹಗುರವಾಗುತ್ತದೆ. ಕೇರಳದಲ್ಲಿ ಎರಡು ಕಾಲದ ಮಳೆಯನ್ನೂ ಹಿಡಿದು ಅಳೆದು ನೋಡಿದಾಗ, ಹಿಂಗಾರಿನ ನೀರು ಮುಂಗಾರಿನ ನೀರಿಗಿಂತ ಹಗುರವೆಂದು ಕಂಡಿತು. ಅಂದರೆ ಯಾವ ಕಾಲದ ಮಳೆ ಅಂತರ್ಜಲಕ್ಕೆ ಹೆಚ್ಚು ಇಂಗಿತು ಎಂಬುದನ್ನು ಕೂಡ ಬಾವಿಯ ನೀರಿನಿಂದ ಊಹಿಸಬಹುದು.

ಅಮೆರಿಕದ ಹಾರ್ಮನ್ ಕ್ರೇಗ್ ಎಂಬ ವಿಜ್ಞಾನಿ 1961ರಲ್ಲಿ ಒಂದು ಚೆಂದದ ಸಂಗತಿಯನ್ನು ತೋರಿಸಿಕೊಟ್ಟರು. ಲೋಕದ ಬೇರೆ ಬೇರೆ ಕಡೆಯ ಮಳೆ, ಹೊಳೆ, ಹಿಮದ ನೀರನ್ನು ತೆಗೆದು, ಅವುಗಳ ಆಮ್ಲಜನಕದ ಭಾರವನ್ನು ಒಂದು ಕಡೆಗೂ ಜಲಜನಕದ ಭಾರವನ್ನು ಇನ್ನೊಂದು ಕಡೆಗೂ ಗುರುತು ಹಾಕಿದರೆ, ಚುಕ್ಕಿಗಳೆಲ್ಲ ಒಂದೇ ಗೆರೆಯ ಮೇಲೆ ಬರುತ್ತವೆ. ಹಗ್ಗ ಹಿಡಿದು ಸಾಲಾಗಿ ನಾಟಿ ಮಾಡಿದ ಪೈರಿನ ಹಾಗೆ. ಆದರೆ ಕೆರೆಯಲ್ಲೋ ಗದ್ದೆಯಲ್ಲೋ ಬಿಸಿಲಿಗೆ ನಿಂತು ಬತ್ತಿದ ನೀರು ಈ ಸಾಲಿನಲ್ಲಿ ನಿಲ್ಲುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಕೆರೆಯ ನೀರಿನ ಹಣೆಯ ಮೇಲೆ ಬಿಸಿಲು ಒತ್ತಿದ ಮುದ್ರೆ ಅದು.

ಇದರ ಪ್ರಯೋಜನ ನೋಡಿ. ಕೆರೆಯ ಹೂಳೆತ್ತಿದರೆ ಕೆಳಗಿನ ಬಾವಿಗಳಿಗೆ ನೀರು ಬರುತ್ತದೆಯೋ ಇಲ್ಲವೋ ಎಂದು ಊರಿನಲ್ಲಿ ಚರ್ಚೆ ನಡೆಯುತ್ತದೆ. ಬಾವಿಯ ನೀರಿನಲ್ಲಿ ಕೆರೆಯ ಮುದ್ರೆ ಇದ್ದರೆ ಆ ಬಾವಿ ಕೆರೆಯ ಮಗು. ಮುದ್ರೆ ಇಲ್ಲದೆ ಸಾಲಿನಲ್ಲೇ ನಿಂತರೆ, ಅದಕ್ಕೆ ಮಳೆ ನೇರವಾಗಿ ಇಂಗುತ್ತಿದೆ. ಅಲ್ಲಿ ಕೆರೆಗಿಂತ ಬದು, ಇಂಗುಗುಂಡಿ, ಗಿಡಮರಗಳೇ ಹೆಚ್ಚು ಉಪಕಾರಿ. ಹಣ ಎಲ್ಲಿ ಹಾಕಬೇಕೆಂಬುದನ್ನು ಹಾಕುವ ಮುಂಚೆ ತಿಳಿಯುವುದು ಸಣ್ಣ ಲಾಭವಲ್ಲ. ವಿಯೆನ್ನಾ ನಗರದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯವರು 1960ರ ದಶಕದ ಮೊದಲಿನಿಂದ ಲೋಕದ ನಾನಾ ಭಾಗಗಳ ಮಳೆನೀರನ್ನು ಹೀಗೆ ಅಳೆಯಿಸುತ್ತ ಬಂದಿದ್ದಾರೆ. ನಮ್ಮ ದೇಶದಲ್ಲಿಯೂ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಮುಂದಾಗಿ, ಇತರ ಸಂಸ್ಥೆಗಳ ಜೊತೆಗೂಡಿ, ಭಾರತದ ನೀರುಗಳ ಐಸೋಟೋಪು ಗುರುತುಗಳನ್ನು ಹಿಡಿಯುವ ರಾಷ್ಟ್ರೀಯ ಕಾರ್ಯಕ್ರಮವನ್ನು ನಡೆಸಿದರು.

ಮೂಟೆಯ ಗುರುತು, ತಿಪ್ಪೆಯ ಗುರುತು

ನೀರಿನ ಕಥೆ ಹೀಗಾಯಿತು. ಇನ್ನು ನೀರಿನಲ್ಲಿ ಕರಗಿದ ನೈಟ್ರೇಟಿನ ಕಥೆ.

ಯೂರಿಯಾ ಮೊದಲಾದ ಗೊಬ್ಬರದ ಸಾರಜನಕ ಎಲ್ಲಿಯದು? ಗಾಳಿಯದು. ಕಾರ್ಖಾನೆಯಲ್ಲಿ ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಕೂಡಿಸಿ ಅಮೋನಿಯಾ ಮಾಡುತ್ತಾರೆ, ಅದರಿಂದ ಯೂರಿಯಾ. ಆದುದರಿಂದ ಮೂಟೆಯಲ್ಲಿರುವ ಸಾರಜನಕದ ಹಗುರ ಭಾರದ ಪಾಲು ಹೆಚ್ಚುಕಡಿಮೆ ಗಾಳಿಯಲ್ಲಿರುವಷ್ಟೇ. ವಿಜ್ಞಾನಿಗಳು ಗಾಳಿಯ ಸಾರಜನಕವನ್ನೇ ಅಳತೆಯ ಕೊಳಗವಾಗಿ ಇಟ್ಟುಕೊಂಡು ಅದಕ್ಕೆ ಸೊನ್ನೆ ಎಂದು ಹೆಸರಿಟ್ಟಿದ್ದಾರೆ. ಗೊಬ್ಬರದ ಮೂಟೆ ಈ ಸೊನ್ನೆಯ ಅಕ್ಕಪಕ್ಕದಲ್ಲೇ, ನಾಲ್ಕು ಹೆಚ್ಚು ನಾಲ್ಕು ಕಡಿಮೆಯೊಳಗೆ ನಿಲ್ಲುತ್ತದೆ.

ತಿಪ್ಪೆಯದು ಹಾಗಲ್ಲ. ಬೆಳಗ್ಗೆ ಕೊಟ್ಟಿಗೆಯ ಬಾಗಿಲು ತೆರೆದಾಗ ಮೂಗಿಗೆ ಬಡಿಯುವ ಘಾಟು ಯಾವುದು? ಗಂಜಲದಿಂದೇಳುವ ಅಮೋನಿಯಾ. ಅದು ಸಾರಜನಕವೇ, ಗಾಳಿಗೆ ಹಾರಿಹೋಗುತ್ತಿರುವ ಸಾರಜನಕ. ಹಾರುವಾಗ ಇಲ್ಲಿಯೂ ತೂರುವ ನ್ಯಾಯವೇ: ಹಗುರವಾದದ್ದು ಮುಂದೆ ಹಾರುತ್ತದೆ, ಭಾರವಾದದ್ದು ಸಗಣಿ ಗಂಜಲದಲ್ಲೇ ಉಳಿಯುತ್ತದೆ. ಹೀಗೆ ಉಳಿದ ಗೊಬ್ಬರದಿಂದಾದ ನೈಟ್ರೇಟು ಭಾರವಾಗಿರುತ್ತದೆ. ಅದರ ಅಳತೆ ಸಾಮಾನ್ಯವಾಗಿ 8, 10ರಿಂದ ಹಿಡಿದು 20ರ ಮೇಲಕ್ಕೂ ಹೋಗುತ್ತದೆ. ಮನುಷ್ಯರ ಮಲಮೂತ್ರದ್ದೂ ಹೀಗೆಯೇ. 10 ಎಂದರೆ ಏನೆಂದು ಕೇಳಿದರೆ, ಗಾಳಿಯ ಸಾರಜನಕದಲ್ಲಿ 1000 ಭಾರದ ಪರಮಾಣುಗಳು ಇರುವ ಕಡೆ ಇದರಲ್ಲಿ 1010 ಇವೆ ಎಂದು ಅರ್ಥ. ಅಷ್ಟು ಸೂಕ್ಷ್ಮದ ಲೆಕ್ಕ ಇದು.

ಇವೆರಡರ ನಡುವೆ ಮೂರನೆಯ ಆಸಾಮಿ ಒಬ್ಬನಿದ್ದಾನೆ. ಅವನೇ ನಮ್ಮ ಮಣ್ಣು. ಮಣ್ಣಿನ ಸಾವಯವ ಅಂಶ ಕೊಳೆತು ಬರುವ ನೈಟ್ರೇಟು ಸಾಮಾನ್ಯವಾಗಿ 3ರಿಂದ 8ರವರೆಗೆ. ಒಂದು ಕಾಲು ಮೂಟೆಯ ಅಂಗಳದಲ್ಲಿ, ಇನ್ನೊಂದು ಕಾಲು ತಿಪ್ಪೆಯ ಅಂಗಳದಲ್ಲಿ. ಇಲ್ಲಿಯೇ ತೊಡಕು ಹುಟ್ಟುವುದು.

ಇಲಿನಾಯ್ ಸೀಮೆಯ ಪಾಠ

ಈ ತೊಡಕು ಎಂಥದೆಂದು ತಿಳಿಯಲು ಅಮೆರಿಕದ ಇಲಿನಾಯ್ ರಾಜ್ಯದ ಒಂದು ಪ್ರಸಂಗ ಸಾಕು. ಮುಸುಕಿನ ಜೋಳದ ಸೀಮೆ ಅದು. ಸ್ಯಾಂಗಮನ್ ಎಂಬ ಹೊಳೆಯ ನೀರಿನಲ್ಲಿ ನೈಟ್ರೇಟು ಏರಿತ್ತು. ಆ ಹೊಳೆಯ ನೀರು ಡೆಕೇಟರ್ ಪಟ್ಟಣದ ಜಲಾಶಯವನ್ನು ಸೇರುತ್ತದೆ. ಕೋಲ್, ಷೀರರ್, ಕಾಮನರ್ ಎಂಬ ಮೂವರು ವಿಜ್ಞಾನಿಗಳು ನೀರಿನ ನೈಟ್ರೇಟಿನಲ್ಲಿ ಭಾರದ ಸಾರಜನಕವನ್ನು ಅಳೆದು, ಅದರಲ್ಲಿ ನೂರಕ್ಕೆ 55 ಪಾಲಾದರೂ ಹೊಲಕ್ಕೆ ಹಾಕಿದ ಗೊಬ್ಬರದಿಂದ ಬಂದದ್ದು ಎಂದು 1971ರಲ್ಲಿ ಪ್ರಕಟಿಸಿದರು.

ದೊಡ್ಡ ಗಲಾಟೆಯಾಯಿತು. ಮಣ್ಣಿನ ತಜ್ಞರು ಎದ್ದು ನಿಂತರು. ಮಣ್ಣಿನ ನೈಟ್ರೇಟಿನ ಭಾರ ಎಲ್ಲ ಕಡೆಯೂ ಒಂದೇ ಅಲ್ಲ, ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ನೀರು ಹರಿದು ಬರುವ ದಾರಿಯಲ್ಲಿ ಸೂಕ್ಷ್ಮಜೀವಿಗಳು ಆ ಭಾರವನ್ನು ಬದಲಾಯಿಸಿಬಿಡುತ್ತವೆ. ಒಂದೇ ಅಳತೆಯಿಂದ ಇಷ್ಟು ಪಾಲು ಎಂದು ಕಂಡಿತವಾಗಿ ಹೇಳಲಾಗದು ಎಂದು ವಾದಿಸಿದರು. ಅವರ ಮಾತಿನಲ್ಲಿ ಹುರುಳಿತ್ತು. ಆದರೆ ಮೂವರು ಎತ್ತಿದ ಪ್ರಶ್ನೆಯಲ್ಲಿಯೂ ಹುರುಳಿತ್ತು. ಆ ಜಗಳದಿಂದ ವಿದ್ಯೆಗೆ ಲಾಭವಾಯಿತು. ಒಬ್ಬನೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು ಎಂಬ ಪಂಚಾಯತಿಕೆಯ ಹಳೆಯ ನ್ಯಾಯ ವಿಜ್ಞಾನದಲ್ಲಿಯೂ ನಿಂತಿತು.

ಸೂಕ್ಷ್ಮಜೀವಿಗಳ ಆಟ ಎಂಥದು ನೋಡಿ. ನೀರು ನಿಂತು ಗಾಳಿಯಾಡದ ಜಾಗದಲ್ಲಿ ಕೆಲವು ಜೀವಿಗಳು ನೈಟ್ರೇಟಿನ ಆಮ್ಲಜನಕವನ್ನೇ ಉಸಿರಾಡಿ, ಸಾರಜನಕವನ್ನು ಅನಿಲ ಮಾಡಿ ಬಿಟ್ಟುಬಿಡುತ್ತವೆ. ಅವೂ ಹಗುರವಾದದ್ದನ್ನೇ ಮೊದಲು ತಿನ್ನುತ್ತವೆ. ಉಳಿದ ನೈಟ್ರೇಟು ಭಾರವಾಗುತ್ತ ಹೋಗುತ್ತದೆ. ಮೂಟೆಯಿಂದ ಬಂದ ನೈಟ್ರೇಟು ಹೀಗೆ ಅರ್ಧಕ್ಕೆ ಇಳಿದರೆ, ತೂಕ ನೋಡಿದವನಿಗೆ ತಿಪ್ಪೆಯದರಂತೆ ಕಾಣುತ್ತದೆ. ಕಳ್ಳ ಬೇರೆಯವನ ಅಂಗಿ ತೊಟ್ಟುಕೊಂಡು ನಿಂತ ಹಾಗೆ. ಆಗ ತಪ್ಪಿಲ್ಲದವನ ಮೇಲೆ ತಪ್ಪು ಬೀಳುತ್ತದೆ.

ಇದಕ್ಕೆ ಎರಡನೆಯ ಸಾಕ್ಷಿ ನೈಟ್ರೇಟಿನಲ್ಲಿರುವ ಆಮ್ಲಜನಕ. ಜೀವಿಗಳು ತಿಂದು ಉಳಿಸಿದ ನೈಟ್ರೇಟಿನಲ್ಲಿ ಸಾರಜನಕವೂ ಆಮ್ಲಜನಕವೂ ಜೊತೆಜೊತೆಯಾಗಿ, ಒಂದು ಹದದ ಪ್ರಮಾಣದಲ್ಲಿ ಭಾರವಾಗುತ್ತವೆ. ತಿಪ್ಪೆಯಿಂದಲೇ ಬಂದದ್ದಾದರೆ ಸಾರಜನಕ ಮಾತ್ರ ಭಾರ, ಆಮ್ಲಜನಕ ತನ್ನ ಜಾಗದಲ್ಲೇ ಇರುತ್ತದೆ. ಹೀಗೆ ಎರಡನ್ನೂ ಅಳೆದರೆ ಬೇರೆಯವನ ಅಂಗಿ ಕಳಚಿಬೀಳುತ್ತದೆ. ಮೂರನೆಯ ಸಾಕ್ಷಿ ನೀರೇ. ನೈಟ್ರೇಟು ಇರುವ ನೀರಿನಲ್ಲಿ ಬಿಸಿಲಿನ ಮುದ್ರೆ ಇದ್ದರೆ ಅದು ಗದ್ದೆ ಕೆರೆಗಳ ದಾರಿಯಾಗಿ ಬಂದದ್ದು; ಇಲ್ಲದಿದ್ದರೆ ಮಳೆ ನೇರವಾಗಿ ಇಳಿಯುವಾಗ ಹೊತ್ತು ತಂದದ್ದು. ನಾಲ್ಕನೆಯದು ನಿಮ್ಮ ಮಾತು: ಯಾವ ಹೊಲಕ್ಕೆ ಯಾವಾಗ ಎಷ್ಟು ಗೊಬ್ಬರ ಹಾಕಿದಿರಿ, ತಿಪ್ಪೆ ಎಲ್ಲಿತ್ತು, ಗುಂಡಿ ಯಾವಾಗ ತೋಡಿದಿರಿ ಎಂಬ ವಿವರ. ಇದಿಲ್ಲದೆ ಯಂತ್ರವೊಂದೇ ಏನೂ ಹೇಳಲಾರದು.

ಇಷ್ಟೆಲ್ಲ ಆದರೂ ಒಂದು ಮಿತಿಯುಂಟು. ದನದ ಸಗಣಿಯ ನೈಟ್ರೇಟಿಗೂ ಪಾಯಿಖಾನೆ ಗುಂಡಿಯ ನೈಟ್ರೇಟಿಗೂ ತೂಕ ಹೆಚ್ಚುಕಡಿಮೆ ಒಂದೇ. ಈ ಎರಡರಲ್ಲಿ ಯಾವುದೆಂದು ಸಾರಜನಕ, ಆಮ್ಲಜನಕಗಳಷ್ಟರಿಂದಲೇ ಬಿಡಿಸಿ ಹೇಳುವುದು ಕಷ್ಟ. ಅಲ್ಲಿ ಬೇರೆ ಪರೀಕ್ಷೆಗಳೂ ಬೇಕು, ಜಾಗ ನೋಡುವುದೂ ಬೇಕು.

ಹೊಸ ಉಪಾಯಗಳು

ಇಂತಹ ಸೂಕ್ಷ್ಮ ತೂಕವನ್ನು ಹೇಗೆ ನೋಡುತ್ತಾರೆ? ಇದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವಿದೆ. ವಸ್ತುವನ್ನು ಅನಿಲ ಮಾಡಿ, ಅದಕ್ಕೆ ವಿದ್ಯುತ್ತಿನ ಗುಣ ಕೊಟ್ಟು, ಬಲವಾದ ಅಯಸ್ಕಾಂತದ ಪಕ್ಕದಲ್ಲಿ ಓಡಿಸುತ್ತಾರೆ. ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ. ತಿರುವಿನಲ್ಲಿ ಖಾಲಿ ಗಾಡಿ ಚುರುಕಾಗಿ ತಿರುಗಿ, ಹೇರು ತುಂಬಿದ ಗಾಡಿ ಅಗಲವಾಗಿ ಬಳಸಿಕೊಂಡು ಹೋಗುವಂತೆ. ಎರಡೂ ಬೇರೆ ಬೇರೆ ಬಟ್ಟಲಿಗೆ ಬಂದು ಬೀಳುತ್ತವೆ. ಎಣಿಸಿದರೆ ಲೆಕ್ಕ ಸಿಕ್ಕಿತು. ಈ ಯಂತ್ರವನ್ನು ಪಳಗಿಸಿ ಎಲ್ಲರ ಕೈಗೆ ಎಟಕುವಂತೆ ಮಾಡಿದವರಲ್ಲಿ 1940ರ ದಶಕದ ಆಲ್ಫ್ರೆಡ್ ನೀರ್ ಮುಖ್ಯರು.

ಕಷ್ಟವಿದ್ದದ್ದು ನೀರಿನಲ್ಲಿ ಕರಗಿದ ನೈಟ್ರೇಟನ್ನು ಶುದ್ಧವಾದ ಅನಿಲ ಮಾಡುವುದರಲ್ಲಿ. ಮುಂಚೆ ಹೆಚ್ಚು ನೀರು ಬೇಕಾಗುತ್ತಿತ್ತು, ನಾನಾ ರಾಸಾಯನಿಕಗಳು, ಬೆಳ್ಳಿಯ ಲವಣಗಳು, ದಿನಗಟ್ಟಲೆ ಕೆಲಸ. 2001ರಲ್ಲಿ ಡ್ಯಾನಿಯೆಲ್ ಸಿಗ್ಮನ್ ಮತ್ತು ಅವರ ಜೊತೆಗಾರರು ಒಂದು ಜಾಣತನದ ಉಪಾಯ ಮಾಡಿದರು. ನೈಟ್ರೇಟು ತಿನ್ನುವ ಜೀವಿಗಳ ವಿಷಯ ಆಗಲೇ ಹೇಳಿದೆವಷ್ಟೆ? ಅವುಗಳಲ್ಲಿ ಒಂದು ಜಾತಿಗೆ ಕೊನೆಯ ಹೆಜ್ಜೆ ಇಡುವ ಶಕ್ತಿಯಿಲ್ಲ. ಅದು ನೈಟ್ರೇಟನ್ನು ತಿಂದು ನೈಟ್ರಸ್ ಆಕ್ಸೈಡ್ ಎಂಬ ಅನಿಲದವರೆಗೆ ತಂದು ಅಲ್ಲಿಗೇ ನಿಲ್ಲಿಸುತ್ತದೆ. ಆ ಜೀವಿಗಳನ್ನೇ ಆಳುಗಳನ್ನಾಗಿ ಇಟ್ಟುಕೊಂಡರೆ ಸ್ವಲ್ಪ ನೀರು ಸಾಕು, ಅವೇ ಅನಿಲ ಮಾಡಿಕೊಡುತ್ತವೆ. 2002ರಲ್ಲಿ ಇದೇ ದಾರಿಯಿಂದ ನೈಟ್ರೇಟಿನ ಆಮ್ಲಜನಕವನ್ನೂ ಅಳೆಯುವ ಕ್ರಮ ಬಂತು. ಬಾವಿಗೆ ಕೇಡು ಮಾಡುವ ಲವಣವನ್ನು ಜೀವಿಗಳಿಂದಲೇ ತಿನ್ನಿಸಿ ಅದರ ಜಾತಕ ಓದುವುದು. ನೋಡಿ, ಎಂಥ ಸೊಗಸು.

ಇನ್ನೊಂದು ಹೊಸ ಉಪಾಯ ಲೇಸರ್ ಬೆಳಕಿನದು. ಹಗುರ ನೀರಿನ ಆವಿ ಒಂದು ಬಣ್ಣದ ಬೆಳಕನ್ನು ಹೀರಿದರೆ, ಭಾರದ ನೀರಿನ ಆವಿ ಅದಕ್ಕಿಂತ ಕೂದಲೆಳೆಯಷ್ಟು ಬೇರೆಯಾದ ಬಣ್ಣವನ್ನು ಹೀರುತ್ತದೆ. ಸಣ್ಣ ಪೆಟ್ಟಿಗೆಯೊಳಗೆ ಬಹಳ ನುಣುಪಾದ ಕನ್ನಡಿಗಳನ್ನು ಎದುರುಬದುರು ಇಟ್ಟು, ಬೆಳಕು ಅವುಗಳ ನಡುವೆ ಮೈಲುಗಟ್ಟಲೆ ದೂರ ಓಡಾಡುವಂತೆ ಮಾಡುತ್ತಾರೆ. ನಡುವೆ ಒಂದು ಹನಿಗೂ ಕಡಿಮೆ ನೀರಿನ ಆವಿ. ಎಷ್ಟು ಬೆಳಕು ಹೀರಲ್ಪಟ್ಟಿತೆಂದು ನೋಡಿದರೆ ಹಗುರ ಭಾರದ ಪಾಲು ತಿಳಿಯುತ್ತದೆ. ದೊಡ್ಡ ಯಂತ್ರಕ್ಕಿಂತ ಇದು ಚಿಕ್ಕದು, ನಡೆಸುವುದೂ ಸುಲಭ. ಇದರಿಂದಾಗಿ ನೀರಿನ ಪರೀಕ್ಷೆ ಮುಂಚಿಗಿಂತ ಬಹಳ ಕಡೆ ಸಾಧ್ಯವಾಗಿದೆ.

ಮಾದರಿ ತೆಗೆಯುವಾಗ ಎಚ್ಚರ ಬೇಕು. ಅಧಿಕಾರಿಗಳೋ ವಿದ್ಯಾರ್ಥಿಗಳೋ ನಿಮ್ಮ ಬಾವಿಗೆ ಬಂದು ಸೀಸೆಯನ್ನು ಬಾಯಿಮಟ್ಟ ತುಂಬಿ ಬಿಗಿಯಾಗಿ ಮುಚ್ಚಿದರೆ, ಇದೇನು ಇಷ್ಟು ಮಡಿ ಎಂದು ನಗಬೇಡಿ. ಸೀಸೆಯಲ್ಲಿ ಜಾಗ ಉಳಿದರೆ ನೀರು ಅಲ್ಲಿಯೇ ಸ್ವಲ್ಪ ಆವಿಯಾಗಿ ಸುಳ್ಳು ಮುದ್ರೆ ಬೀಳುತ್ತದೆ. ನೈಟ್ರೇಟಿನ ಮಾದರಿಯನ್ನು ಶೋಧಿಸಿ ತಣ್ಣಗೆ ಇಡುವುದೂ ಜೀವಿಗಳು ದಾರಿಯಲ್ಲಿ ತಿನ್ನದಿರಲೆಂದು.

ತೀರ್ಪು ಬಂದ ಮೇಲೆ

ಮೂಲ ಯಾವುದೆಂದು ತಿಳಿಯುವುದು ಯಾರನ್ನೋ ದೂರುವುದಕ್ಕಲ್ಲ. ಮೂಲ ಬೇರೆಯಾದರೆ ಮದ್ದೂ ಬೇರೆ. ತಿಪ್ಪೆಯಿಂದ ಬಂದ ಕೇಡಿಗೆ ಯೂರಿಯಾ ಕಡಿಮೆ ಮಾಡಿದರೆ ಇಳುವರಿ ಇಳಿದೀತೇ ಹೊರತು ಬಾವಿ ಶುದ್ಧವಾಗದು. ಯೂರಿಯಾದಿಂದ ಬಂದ ಕೇಡಿಗೆ ತಿಪ್ಪೆ ಎತ್ತಿಸಿದರೆ ಮೈನೋವೇ ಲಾಭ.

ಮೂಟೆಯ ಗುರುತು ಕಂಡರೆ ಹೀಗೆ ಮಾಡಿ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಗೊಬ್ಬರ ಹಾಕಿ. ಎಲ್ಲವನ್ನೂ ಒಂದೇ ಸಲ ಸುರಿಯದೆ ಎರಡು ಮೂರು ಕಂತಿನಲ್ಲಿ, ಬೇರು ಹೀರುವ ಕಾಲಕ್ಕೆ ಕೊಡಿ. ದೊಡ್ಡ ಮಳೆ ಕವಿದಿರುವಾಗ ಯೂರಿಯಾ ಚೆಲ್ಲುವುದೆಂದರೆ ದುಡ್ಡನ್ನು ಹಳ್ಳಕ್ಕೆ ಹಾಕಿದ ಹಾಗೆ. ಒಣ ನೆಲದ ಮೇಲೆ ಬಿಟ್ಟರೂ ನಷ್ಟವೇ. ಅಮೋನಿಯಾ ಆಗಿ ಹಾರುತ್ತದೆ. ಮಣ್ಣಿನಲ್ಲಿ ಮುಚ್ಚಿ.

ತಿಪ್ಪೆಯ ಗುರುತು ಕಂಡರೆ ತಿಪ್ಪೆಯನ್ನು ಬಾವಿಯಿಂದ ದೂರಕ್ಕೆ, ಇಳಿಜಾರಿನ ಕೆಳಗಡೆಗೆ ಸಾಗಿಸಿ. ತಳವನ್ನು ಜೇಡಿಮಣ್ಣಿನಿಂದ ಗಟ್ಟಿ ಮಾಡಿ, ಮೇಲೆ ಮಣ್ಣೋ ಗರಿಯೋ ಮುಚ್ಚಿ ಮಳೆನೀರು ಒಳಹೊಗದಂತೆ ನೋಡಿಕೊಳ್ಳಿ. ಕೊಟ್ಟಿಗೆಯ ಗಂಜಲ ಹರಿದುಹೋಗದಂತೆ ಹುಲ್ಲು ಹಾಸಿ ಹೀರಿಸಿ. ಘಾಟು ಕಡಿಮೆಯಾದಷ್ಟೂ ಗೊಬ್ಬರದ ಸತ್ವ ಉಳಿಯಿತೆಂದೇ ಲೆಕ್ಕ. ಕೊಟ್ಟಿಗೆ ಗೊಬ್ಬರ ಪವಿತ್ರ, ಯೂರಿಯಾ ಪಾಪಿ ಎಂದು ಎಣಿಸಬೇಡಿ. ತಪ್ಪು ಜಾಗದಲ್ಲಿದ್ದರೆ ಎರಡೂ ಬಾವಿಗೆ ಶತ್ರುಗಳೇ. ಪಾಯಿಖಾನೆ ಗುಂಡಿಯನ್ನೂ ಬಾವಿಯ ಮೇಲ್ಗಡೆ ತೋಡಕೂಡದು. ಬಿರುಕು ಬಿಟ್ಟ ಬಂಡೆಯ ಸೀಮೆಯಲ್ಲಿ ಹೊಲಸು ನೀರು ಬಿರುಕು ಹಿಡಿದು ಬಲುದೂರ ಹೋಗುತ್ತದೆಂಬುದನ್ನು ಮರೆಯಬೇಡಿ. ಬಾವಿಗೆ ಕಟ್ಟೆ ಕಟ್ಟಿ, ಸುತ್ತ ಗಾರೆ ಹಾಕಿ, ಚೆಲ್ಲಿದ ನೀರು ಒಳಗೇ ಇಳಿಯದಂತೆ ಮಾಡಿ.

ಈಗಲೇ ಮಾಡಬೇಕಾದದ್ದು

ಐಸೋಟೋಪು ಪರೀಕ್ಷೆ ಮನೆಮನೆಗೆ ಬರುವಂಥದಲ್ಲ. ಅದು ದೊಡ್ಡ ಪ್ರಯೋಗಶಾಲೆಗಳ ಕೆಲಸ. ಇಡೀ ಊರಿನ ಬಾವಿಗಳು ಕೆಟ್ಟಾಗ, ಮೂಲ ತಿಳಿಯದೆ ಮುಂದಿನ ಯೋಜನೆ ನಿಂತಾಗ, ಪಂಚಾಯತಿಯ ಮೂಲಕ ಅಂತರ್ಜಲ ಇಲಾಖೆಯನ್ನೋ ವಿಶ್ವವಿದ್ಯಾನಿಲಯವನ್ನೋ ಕೇಳಿಕೊಳ್ಳಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಇದೇ ಬಗೆಯ ಯಂತ್ರದಿಂದ ಇಂಗಾಲದ ಐಸೋಟೋಪುಗಳನ್ನು ಅಳೆದು, ಕಡಿಮೆ ನೀರಿನಲ್ಲಿ ಬೆಳೆಯಬಲ್ಲ ತಳಿಗಳನ್ನು ಆರಿಸುವ ಸಂಶೋಧನೆ ಮಾಡಿದ್ದಾರೆ. ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ.

ಆದರೆ ಮೂಲ ತಿಳಿಯುವವರೆಗೆ ಕೂಸು ಕಾಯಬಾರದು. ನಿಮ್ಮ ನೀರಿನಲ್ಲಿ ನೈಟ್ರೇಟು ಎಷ್ಟಿದೆ ಎಂಬ ಸಾದಾ ಪರೀಕ್ಷೆ ಈಗ ದೂರದ ಮಾತಲ್ಲ. 2019ರಲ್ಲಿ ಪ್ರಾರಂಭವಾದ ಜಲ ಜೀವನ ಮಿಷನ್ ಯೋಜನೆಯಲ್ಲಿ ನೀರು ಪರೀಕ್ಷೆಯ ಕಿಟ್ಟುಗಳನ್ನು ಹಳ್ಳಿಗಳಿಗೆ ಕೊಟ್ಟು ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ಏರ್ಪಾಡಾಯಿತು. ಅದರಲ್ಲಿ ನೈಟ್ರೇಟಿನ ಪರೀಕ್ಷೆಯೂ ಇದೆ. ನಿಮ್ಮ ಪಂಚಾಯತಿಯಲ್ಲಿ ವಿಚಾರಿಸಿ, ಬಾವಿಯ ನೀರು, ಬೋರಿನ ನೀರು ಎರಡನ್ನೂ ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ.

ಫಲಿತಾಂಶ 45ನ್ನು ಮೀರಿದರೆ ತಾಯಂದಿರು ಮುಖ್ಯವಾಗಿ ನೆನಪಿಡಬೇಕಾದ ಮಾತು ಒಂದಿದೆ. ನೀರು ಕಾಯಿಸಿದರೆ ನೈಟ್ರೇಟು ಹೋಗುವುದಿಲ್ಲ. ಕಾಯಿಸಿದಷ್ಟೂ ನೀರು ಇಂಗಿ ನೈಟ್ರೇಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಶೋಧಿಸಿದರೂ ಹೋಗದು. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಮೇಲು ಹಾಲು ಕೊಡಲೇಬೇಕಾದರೆ, ಈ ಬಾವಿಯ ನೀರು ಬೆರೆಸದೆ, ಪರೀಕ್ಷೆಯಲ್ಲಿ ಒಳ್ಳೆಯದೆಂದು ಕಂಡ ಬೇರೆ ನೀರನ್ನೇ ಬೆರೆಸಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ಕೆಲಸ ಮಾಡುತ್ತಿದ್ದರೆ, ಅದರಲ್ಲಿರುವ ಆರ್‌ಒ ಶೋಧಕ ನೈಟ್ರೇಟನ್ನು ಬಹುಮಟ್ಟಿಗೆ ತೆಗೆಯುತ್ತದೆ. ಮಗುವಿನ ತುಟಿ, ಉಗುರು ನೀಲಿಯಾಗಿ ಕಂಡರೆ ದೃಷ್ಟಿಯಾಯಿತೆಂದು ತಡಮಾಡದೆ ಆಸ್ಪತ್ರೆಗೆ ಓಡಿ, ಯಾವ ಬಾವಿಯ ನೀರು ಕೊಟ್ಟಿರೆಂದು ವೈದ್ಯರಿಗೆ ತಿಳಿಸಿ.

ಹಾಗೆಂದು ಆ ಬಾವಿಯನ್ನು ಮುಚ್ಚಬೇಕಾಗಿಲ್ಲ. ಆ ನೀರು ಹೊಲಕ್ಕೆ ಒದಗುತ್ತದೆ. ಅದರಲ್ಲಿ ಕರಗಿರುವ ನೈಟ್ರೇಟು ಪೈರಿಗೆ ಊಟವೇ ಆದದ್ದರಿಂದ, ಅಷ್ಟರ ಮಟ್ಟಿಗೆ ಗೊಬ್ಬರವನ್ನು ಕಡಿಮೆ ಮಾಡಬಹುದು. ಹೀಗೆ ಮಾಡುತ್ತ ಬಂದರೆ ಬಾವಿಯ ನೈಟ್ರೇಟು ಪೈರಿಗೆ ಸೇರಿ ನಿಧಾನವಾಗಿ ಇಳಿಯುತ್ತದೆ. ಆದರೆ ನೆಲದೊಳಗಿನ ನೀರು ಆಮೆಯ ನಡಿಗೆಯದು. ಈ ವರ್ಷ ತಿಪ್ಪೆ ಎತ್ತಿಸಿದರೆ ಮುಂದಿನ ವರ್ಷವೇ ಬಾವಿ ತಿಳಿಯಾಗಲಿಲ್ಲವೆಂದು ಕೈಚೆಲ್ಲಬೇಡಿ.

ಬಾವಿ ಒಂದು ಮನೆಯದಾದರೂ ಅದರ ಸೆಲೆ ಊರಿನದು. ಮೇಲಿನವನು ಹಾಕಿದ್ದು ಕೆಳಗಿನವನ ಕೊಡಕ್ಕೆ ಬರುತ್ತದೆ. ಇನ್ನು ಮುಂದೆ ಊರಿನಲ್ಲಿ ನೀರಿನ ಜಗಳ ಎದ್ದಾಗ, "ಯಾರು ಕೆಡಿಸಿದರು" ಎಂದು ಒಬ್ಬರನ್ನೊಬ್ಬರು ಕೇಳುವ ಮೊದಲು ಆ ನೀರನ್ನು ಪರೀಕ್ಷೆಗೆ ಕೊಡಿ. ಅದು ಯಾರ ಪಕ್ಷವನ್ನೂ ವಹಿಸದೆ ಇದ್ದದ್ದನ್ನು ಇದ್ದಂತೆ ಹೇಳುತ್ತದೆ.